ಗಣಕದ ಲೆಕ್ಕಪತ್ರಗಳ ಮರುಸ್ಥಾಪನೆ: ಹಳೆಯ ಪದ್ಧತಿಯನ್ನು ಕೈಬಿಟ್ಟ ಒಂದು ನಿರ್ಧಾರ ಮತ್ತು ಅದರ ಪಾಠ

ವ್ಯಾಪಾರದ ಲೆಕ್ಕಪತ್ರಗಳು ಕಿರ್ದಿ ಮತ್ತು ಖಾತೆ ಪುಸ್ತಕಗಳಿಂದ ಗಣಕಕ್ಕೆ ವರ್ಗಾವಣೆಗೊಂಡು ಬಹಳ ವರ್ಷಗಳಾಗಿವೆ. ಪುಸ್ತಕವನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಿದರೆ ಅದರ ರಕ್ಷಣೆಯ ಹೊಣೆ ಬಹುಮಟ್ಟಿಗೆ ಮುಗಿಯುತ್ತಿದ್ದ ಕಾಲವೊಂದಿತ್ತು. ಗಣಕದಲ್ಲಿರುವ ಲೆಕ್ಕಕ್ಕೆ ಆ ಸೌಕರ್ಯವಿಲ್ಲ. ಡಿಸ್ಕ್ ಕೆಡಬಹುದು, ವೈರಸ್ ದಾಳಿಯಾಗಬಹುದು, ಸಿಬ್ಬಂದಿಯ ಕೈತಪ್ಪಿನಿಂದ ಇಡೀ ವರ್ಷದ ನಮೂದುಗಳು ಅಳಿಸಿಹೋಗಬಹುದು.

ಲೆಕ್ಕಪರಿಶೋಧನೆಯ ಸಮಯದಲ್ಲಿ ‘ಬ್ಯಾಕಪ್ ಇದೆಯೇ?’ ಎಂದು ಕೇಳಿದರೆ ಬಹುತೇಕ ಸಂಸ್ಥೆಗಳಿಂದ ‘ಇದೆ’ ಎಂಬ ಉತ್ತರವೇ ಬರುತ್ತದೆ. ‘ಆ ಬ್ಯಾಕಪ್‌ನಿಂದ ಲೆಕ್ಕವನ್ನು ಎಂದಾದರೂ ಮರಳಿ ಪಡೆದು ನೋಡಲಾಗಿದೆಯೇ?’ ಎಂಬ ಎರಡನೆಯ ಪ್ರಶ್ನೆಗೆ ಖಚಿತ ಉತ್ತರ ದೊರೆಯುವುದು ವಿರಳ. ಬ್ಯಾಕಪ್ ತೆಗೆಯುವುದು ಒಂದು ಕೆಲಸ, ಅದರಿಂದ ಲೆಕ್ಕವನ್ನು ಮರುಸ್ಥಾಪಿಸುವುದು ಬೇರೆಯೇ ಕೆಲಸ. ಈ ಎರಡನೆಯ ಕೆಲಸದ ವಿಧಾನವನ್ನು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ತಂತ್ರಾಂಶವು 2019ರಲ್ಲಿ ಸಂಪೂರ್ಣವಾಗಿ ಬದಲಾಯಿಸಿತು. ಹಳೆಯ ವಿಧಾನಕ್ಕೆ ಒಗ್ಗಿಕೊಂಡವರಿಗೆ ತೊಂದರೆಯಾಗುವುದೆಂದು ತಿಳಿದಿದ್ದರೂ ಆ ನಿರ್ಧಾರವನ್ನು ಕೈಗೊಳ್ಳಲಾಯಿತು. ಅದರ ಹಿನ್ನೆಲೆಯನ್ನು ಅರಿತುಕೊಳ್ಳುವುದು ತಮ್ಮ ಕಚೇರಿಯಲ್ಲಿ ಸರ್ವರ್ ಇಟ್ಟುಕೊಂಡಿರುವ ಪ್ರತಿಯೊಬ್ಬ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಉಪಯುಕ್ತ.

ಕಾನೂನು ಏನನ್ನು ಅಪೇಕ್ಷಿಸುತ್ತದೆ?

2013ರ ಕಂಪನಿಗಳ ಅಧಿನಿಯಮದ 128ನೆಯ ಕಲಮಿನ ಪ್ರಕಾರ ಕಂಪನಿಯು ತನ್ನ ಲೆಕ್ಕಪುಸ್ತಕಗಳನ್ನು ಕನಿಷ್ಠ 8 ಹಣಕಾಸು ವರ್ಷಗಳ ಕಾಲ ಕಾಪಾಡಬೇಕು. 2014ರ ಕಂಪನಿಗಳ (ಲೆಕ್ಕಪತ್ರ) ನಿಯಮಗಳಿಗೆ ಆಗಸ್ಟ್ 2022ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ವಿದ್ಯುನ್ಮಾನ ರೂಪದಲ್ಲಿರುವ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿಯೇ ಇರುವ ಸರ್ವರ್‌ನಲ್ಲಿ ಪ್ರತಿದಿನವೂ ಇಡಬೇಕು. ಅದಕ್ಕೆ ಮೊದಲು ‘ನಿಯತಕಾಲಿಕವಾಗಿ’ ಎಂದಷ್ಟೇ ಇತ್ತು. 1 ಏಪ್ರಿಲ್ 2023ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯೂ ದಾಖಲಾಗುವ ಆಡಿಟ್ ಟ್ರೇಲ್ ಸೌಲಭ್ಯ ಇರಲೇಬೇಕು.

ಕಂಪನಿಯಲ್ಲದ ಪಾಲುದಾರಿಕೆ ಸಂಸ್ಥೆಗಳೂ ಏಕವ್ಯಕ್ತಿ ಮಾಲೀಕತ್ವದ ಅಂಗಡಿಗಳೂ ಈ ಹೊಣೆಯಿಂದ ಪೂರ್ತಿ ಮುಕ್ತವಲ್ಲ. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನಂತೆ ನೋಂದಾಯಿತ ವರ್ತಕರು, ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆಗಳನ್ನು ಇಟ್ಟುಕೊಳ್ಳಬೇಕು. ಜಿಎಸ್‌ಟಿಯ 57ನೆಯ ನಿಯಮವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಪಘಾತದಿಂದಾಗಲೀ ನೈಸರ್ಗಿಕ ಕಾರಣಗಳಿಂದಾಗಲೀ ದಾಖಲೆಗಳು ನಾಶವಾದಲ್ಲಿ, ಸಮಂಜಸವಾದ ಅವಧಿಯೊಳಗೆ ಮಾಹಿತಿಯನ್ನು ಮರುಸ್ಥಾಪಿಸಲು ಸಾಧ್ಯವಾಗುವ ರೀತಿಯಲ್ಲಿ ಬ್ಯಾಕಪ್ ಇರಬೇಕೆಂದು ಅದು ವಿಧಿಸುತ್ತದೆ. ಅಂದರೆ ಕಾನೂನು ಕೇಳುತ್ತಿರುವುದು ಬ್ಯಾಕಪ್ಪಿನ ಕಡತವನ್ನಷ್ಟೇ ಅಲ್ಲ, ಅದರಿಂದ ಲೆಕ್ಕವನ್ನು ಮರಳಿ ಪಡೆಯುವ ಸಾಮರ್ಥ್ಯವನ್ನು.

ಮೊದಲು ಕಿರ್ದಿ, ಆನಂತರ ಖಾತೆ

ಇಲ್ಲಿ ಪ್ರಸ್ತಾಪಿಸಲಾಗುತ್ತಿರುವ ತಂತ್ರಾಂಶದ ಹೆಸರು ಪೋಸ್ಟ್‌ಗ್ರೆಸ್‌ಕ್ಯೂಎಲ್. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಆರಂಭವಾದ ಸಂಶೋಧನಾ ಯೋಜನೆಯೇ ಇದರ ಮೂಲ. 1996ರಲ್ಲಿ ಈಗಿನ ಹೆಸರನ್ನು ಪಡೆಯಿತು. ಪರವಾನಗಿ ಶುಲ್ಕವಿಲ್ಲದ ಮುಕ್ತ ತಂತ್ರಾಂಶವಾದ ಕಾರಣ ಅನೇಕ ವ್ಯವಹಾರ ತಂತ್ರಾಂಶಗಳು ತಮ್ಮ ದತ್ತಾಂಶವನ್ನು ಇದರಲ್ಲಿಯೇ ಇಡುತ್ತವೆ. ಸಣ್ಣ ಕಾರ್ಖಾನೆಗಳಲ್ಲಿಯೂ ಬಳಸಲಾಗುವ ಓಡೂ ಇದಕ್ಕೊಂದು ಉದಾಹರಣೆ. ಟ್ಯಾಲಿಯು ತನ್ನದೇ ಆದ ದತ್ತಾಂಶ ವ್ಯವಸ್ಥೆಯನ್ನು ಹೊಂದಿರುವುದರಿಂದ ಅದನ್ನಷ್ಟೇ ಬಳಸುವವರಿಗೆ ಈ ಬದಲಾವಣೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಪಾಠ ಅನ್ವಯಿಸುತ್ತದೆ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಕೆಲಸ ಮಾಡುವ ಬಗೆಯನ್ನು ಲೆಕ್ಕ ಬರೆದು ಅಭ್ಯಾಸವಿರುವವರು ಸುಲಭವಾಗಿ ಗ್ರಹಿಸಬಹುದು. ಯಾವುದೇ ವ್ಯವಹಾರವನ್ನು ಅದು ಮೊದಲು ಕಿರ್ದಿಯಂತಹ ಒಂದು ದಿನಚರಿ ಕಡತದಲ್ಲಿ ಕಾಲಾನುಕ್ರಮವಾಗಿ ಬರೆಯುತ್ತದೆ. ಆನಂತರವಷ್ಟೇ ಖಾತೆಗಳಿಗೆ ಎತ್ತಿ ಬರೆಯುತ್ತದೆ. ಈ ದಿನಚರಿಯನ್ನು ತಂತ್ರಜ್ಞರು ‘ವಾಲ್’ ಎನ್ನುತ್ತಾರೆ. ಖಾತೆಗೆ ಎತ್ತಿ ಬರೆಯುವ ಮೊದಲೇ ವಿದ್ಯುತ್ ಹೋದರೂ ಕಿರ್ದಿ ಉಳಿದಿರುವುದರಿಂದ ವ್ಯವಹಾರ ನಷ್ಟವಾಗುವುದಿಲ್ಲ.

ಇದೇ ಕಿರ್ದಿಯಿಂದ ಇನ್ನೆರಡು ಪ್ರಯೋಜನಗಳಿವೆ. ಮೊದಲನೆಯದು ನಿರ್ದಿಷ್ಟ ಕ್ಷಣದವರೆಗಿನ ಮರುಸ್ಥಾಪನೆ. ಖಾತೆ ಪುಸ್ತಕ ಸುಟ್ಟುಹೋದರೆ ಏಪ್ರಿಲ್ 1ರ ಆರಂಭಿಕ ಶಿಲ್ಕುಗಳನ್ನು ತೆಗೆದುಕೊಂಡು, ಕಿರ್ದಿಯ ನಮೂದುಗಳನ್ನು ಒಂದೊಂದಾಗಿ ಎತ್ತಿ ಬರೆಯುತ್ತಾ ಬೇಕಾದ ದಿನಾಂಕಕ್ಕೆ ನಿಲ್ಲಿಸಬಹುದಷ್ಟೆ? ಗಣಕವೂ ಹಾಗೆಯೇ ಹಳೆಯ ಬ್ಯಾಕಪ್ಪಿನ ಮೇಲೆ ದಿನಚರಿಯನ್ನು ಅನ್ವಯಿಸುತ್ತಾ ಹೋಗಿ, ತಪ್ಪು ನಡೆದ ಕ್ಷಣಕ್ಕಿಂತ ಮೊದಲು ನಿಲ್ಲುತ್ತದೆ. ಎರಡನೆಯದು ರೆಪ್ಲಿಕೇಷನ್ ಎಂದು ಕರೆಯಲಾಗುವ ತದ್ರೂಪು ವ್ಯವಸ್ಥೆ. ಮುಖ್ಯ ಸರ್ವರ್‌ನಲ್ಲಿ ಬರೆದ ಕಿರ್ದಿಯನ್ನು ಆಗಿಂದಾಗಲೇ ಇನ್ನೊಂದು ಊರಿನಲ್ಲಿರಬಹುದಾದ ಮೀಸಲು ಸರ್ವರ್‌ಗೆ ಕಳುಹಿಸಿದರೆ, ಅದು ತನ್ನ ಖಾತೆಗಳನ್ನೂ ಹಾಗೆಯೇ ಬರೆದುಕೊಳ್ಳುತ್ತದೆ. ಮುಖ್ಯ ಸರ್ವರ್ ಕೆಟ್ಟಾಗ ಮೀಸಲು ಸರ್ವರ್ ಅದರ ಸ್ಥಾನಕ್ಕೆ ಬರುತ್ತದೆ.

ಇವೆರಡರ ವ್ಯತ್ಯಾಸವನ್ನು ಮರೆಯಬಾರದು. ಮುಖ್ಯ ಸರ್ವರ್‌ನಲ್ಲಿ ಯಾರಾದರೂ ಮಾರಾಟದ ನಮೂದುಗಳನ್ನು ಅಳಿಸಿದರೆ, ಆ ಅಳಿಸುವಿಕೆಯೂ ಕ್ಷಣಮಾತ್ರದಲ್ಲಿ ಮೀಸಲು ಸರ್ವರ್‌ಗೆ ತಲಪುತ್ತದೆ. ಆದ್ದರಿಂದ ತದ್ರೂಪು ಪ್ರತಿ ಇದ್ದ ಮಾತ್ರಕ್ಕೆ ಬ್ಯಾಕಪ್ ಇದ್ದಂತಾಗುವುದಿಲ್ಲ.

ಹಳೆಯ ವ್ಯವಸ್ಥೆ ಬೆಳೆದು ಬಂದ ರೀತಿ

ನಿರ್ದಿಷ್ಟ ಕ್ಷಣದವರೆಗಿನ ಮರುಸ್ಥಾಪನೆಯ ಸೌಲಭ್ಯವು ಜನವರಿ 2005ರಲ್ಲಿ ಬಿಡುಗಡೆಯಾದ 8.0ನೆಯ ಆವೃತ್ತಿಯಲ್ಲಿ ಬಂದಿತು. ದಿನಚರಿಯನ್ನು ಎಲ್ಲಿಂದ ತರಬೇಕು, ಯಾವ ಗಳಿಗೆಗೆ ನಿಲ್ಲಬೇಕು ಎಂಬ ಸೂಚನೆಗಳನ್ನು ‘ರಿಕವರಿ.ಕಾನ್ಫ್’ ಎಂಬ ಪ್ರತ್ಯೇಕ ಕಡತದಲ್ಲಿ ಬರೆದಿಡಬೇಕಿತ್ತು. ಸರ್ವರ್ ಪ್ರಾರಂಭವಾದಾಗ ಆ ಕಡತ ಕಂಡರೆ ಮರುಸ್ಥಾಪನೆಯ ಕೆಲಸಕ್ಕೆ ತೊಡಗುತ್ತಿತ್ತು. ಕೆಲಸ ಮುಗಿದ ಮೇಲೆ ಕಡತದ ಹೆಸರನ್ನು ‘ರಿಕವರಿ.ಡನ್’ ಎಂದು ತಾನೇ ಬದಲಾಯಿಸುತ್ತಿತ್ತು. ಅಪರೂಪಕ್ಕೊಮ್ಮೆ, ಅನಾಹುತ ನಡೆದಾಗ ಮಾತ್ರ ಬಳಸುವ ಉಪಾಯವಾಗಿ ಇದು ಸಮರ್ಪಕವೇ ಆಗಿತ್ತು.

ಸಪ್ಟೆಂಬರ್ 2010ರಲ್ಲಿ ಬಂದ 9.0ನೆಯ ಆವೃತ್ತಿಯು ಪರಿಸ್ಥಿತಿಯನ್ನು ಬದಲಿಸಿತು. ಮೀಸಲು ಸರ್ವರ್ ನಿರಂತರವಾಗಿ ದಿನಚರಿಯನ್ನು ಪಡೆಯುತ್ತಾ, ಜೊತೆಗೆ ವರದಿಗಳನ್ನೂ ಒದಗಿಸುವಂತಾಯಿತು. ಹೀಗೆ ಹಗಲಿರುಳೂ ನಡೆಯುವ ಈ ವ್ಯವಸ್ಥೆಯ ಸೂಚನೆಗಳನ್ನೂ ಅದೇ ಕಡತದಲ್ಲಿ ಸೇರಿಸಲಾಯಿತು. ಇದರಿಂದ ಮೂರು ತೊಡಕುಗಳು ಉಂಟಾದವು.

ಮೊದಲನೆಯದಾಗಿ, ಸರ್ವರ್‌ನ ಉಳಿದೆಲ್ಲ ಸೆಟ್ಟಿಂಗ್‌ಗಳು ‘ಪೋಸ್ಟ್‌ಗ್ರೆಸ್‌ಕ್ಯೂಎಲ್.ಕಾನ್ಫ್’ ಎಂಬ ಮುಖ್ಯ ಕಡತದಲ್ಲಿದ್ದರೆ ಇವು ಮಾತ್ರ ಬೇರೆಡೆ ಇದ್ದವು. ಮುಖ್ಯ ಕಡತದ ಸೆಟ್ಟಿಂಗ್‌ಗಳನ್ನು ಚಾಲನೆಯಲ್ಲಿರುವ ಸರ್ವರ್‌ನಿಂದಲೇ ಆದೇಶ ಕೊಟ್ಟು ಪರಿಶೀಲಿಸಲು ಬರುತ್ತಿತ್ತು. ಇವನ್ನು ಹಾಗೆ ನೋಡಲೂ ಬರುತ್ತಿರಲಿಲ್ಲ, ಸರ್ವರ್ ನಿಲ್ಲಿಸದೆ ಬದಲಿಸಲೂ ಬರುತ್ತಿರಲಿಲ್ಲ.

ಎರಡನೆಯದಾಗಿ, ಒಂದೇ ಕಡತ ಎರಡು ಅರ್ಥಗಳನ್ನು ಹೊತ್ತಿತ್ತು. ಅದರ ಒಳಗಿನ ಬರಹ ಸೂಚನೆಯಾಗಿತ್ತು; ಅದರ ಅಸ್ತಿತ್ವವೇ ‘ಈ ಸರ್ವರ್ ಮರುಸ್ಥಾಪನೆಯಲ್ಲಿದೆ’ ಎಂಬ ಗುರುತಾಗಿತ್ತು. ವೋಚರಿನ ಮೇಲೆ ಬರೆದ ವಿವರವನ್ನೂ ‘ಪಾವತಿಯಾಗಿದೆ’ ಎಂಬ ಮೊಹರನ್ನೂ ಬೇರ್ಪಡಿಸಲಾಗದಿದ್ದರೆ ಎಂತಹ ಗೊಂದಲವಾಗುವುದೋ ಇದೂ ಅಂತಹುದೇ.

ಮೂರನೆಯದಾಗಿ, ಮೀಸಲು ಸರ್ವರ್ ಮುಖ್ಯ ಸ್ಥಾನಕ್ಕೆ ಬಂದೊಡನೆ ಕಡತದ ಹೆಸರು ಬದಲಾಗಿ ಸೂಚನೆಗಳೆಲ್ಲ ಬಳಕೆಯಿಂದ ಹೊರಗುಳಿಯುತ್ತಿದ್ದವು. ಮತ್ತೆ ಅದನ್ನು ಮೀಸಲು ಸ್ಥಾನಕ್ಕೆ ತರಬೇಕಾದರೆ ಕಡತವನ್ನು ಹೊಸದಾಗಿ ಸಿದ್ಧಪಡಿಸಬೇಕಾಗುತ್ತಿತ್ತು. ಅನಾಹುತದ ಗಡಿಬಿಡಿಯಲ್ಲಿ ಕೈಯಿಂದ ಮಾಡುವ ಇಂತಹ ಕೆಲಸಗಳಲ್ಲಿಯೇ ತಪ್ಪುಗಳು ನುಸುಳುತ್ತವೆ.

ಬದಲಾವಣೆಗೆ ಅಡ್ಡಿಯಾದ ಪ್ರಶ್ನೆ

ಎರಡೂ ಕಡತಗಳನ್ನು ಒಂದುಗೂಡಿಸಬೇಕೆಂಬ ಪ್ರಸ್ತಾವವು ಅಭಿವೃದ್ಧಿಪಡಿಸುವವರ ನಡುವೆ 2011ರಲ್ಲಿಯೇ ಚರ್ಚೆಗೆ ಬಂದಿತ್ತು. ಆದರೆ ಅದು ಅಂಗೀಕಾರವಾದದ್ದು ನವೆಂಬರ್ 2018ರಲ್ಲಿ. ನಡುವಿನ ಏಳು ವರ್ಷಗಳ ವಿಳಂಬಕ್ಕೆ ಹಿಂದಿನ ಆವೃತ್ತಿಗಳೊಂದಿಗಿನ ಹೊಂದಾಣಿಕೆಯ ಪ್ರಶ್ನೆ ಒಂದು ಮುಖ್ಯ ಕಾರಣ. ಬ್ಯಾಕಪ್ ಮತ್ತು ತದ್ರೂಪು ವ್ಯವಸ್ಥೆಯನ್ನು ನಿರ್ವಹಿಸುವ ಬಾರ್ಮನ್, ರೆಪ್‌ಮಗ್ರ್, ಪಿಜಿಬ್ಯಾಕ್‌ರೆಸ್ಟ್ ಮುಂತಾದ ಸಾಧನಗಳು ಹಳೆಯ ಕಡತವನ್ನೇ ನಂಬಿದ್ದವು. ಇದಲ್ಲದೆ ಎಷ್ಟೋ ಸಂಸ್ಥೆಗಳಲ್ಲಿ ತಂತ್ರಜ್ಞರು ತಮಗೆ ಬೇಕಾದಂತೆ ಬರೆದಿಟ್ಟ ಸಣ್ಣಪುಟ್ಟ ಸ್ಕ್ರಿಪ್ಟ್‌ಗಳಿದ್ದವು. ವಿನ್ಯಾಸ ಬದಲಾದರೆ ಅವೆಲ್ಲವನ್ನೂ ತಿದ್ದಬೇಕಾಗುತ್ತಿತ್ತು.

ಇಂತಹ ಸಂದರ್ಭದಲ್ಲಿ ಮೂರು ಮಾರ್ಗಗಳಿರುತ್ತವೆ. ಒಂದನೆಯದು, ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನಡೆಸುವುದು. ಯಾರಿಗೂ ತಕ್ಷಣ ತೊಂದರೆಯಿಲ್ಲ. ಆದರೆ ಎರಡು ಕಡತಗಳಲ್ಲಿ ಎರಡು ಬಗೆಯ ಸೂಚನೆಗಳಿದ್ದಾಗ ಯಾವುದನ್ನು ಪಾಲಿಸಬೇಕೆಂಬ ಪ್ರಶ್ನೆ ಉಳಿಯುತ್ತದೆ, ಗೊಂದಲ ಇಮ್ಮಡಿಯಾಗುತ್ತದೆ.

ಎರಡನೆಯದು, ಹಳೆಯ ಕಡತ ಇದ್ದರೂ ಅದನ್ನು ಕಡೆಗಣಿಸಿ ಮುಂದುವರಿಯುವುದು. ಮೇಲ್ನೋಟಕ್ಕೆ ಸೌಮ್ಯವಾಗಿ ಕಂಡರೂ ಇದೇ ಅತ್ಯಂತ ಅಪಾಯಕಾರಿ. ಕಾರ್ಖಾನೆಯಲ್ಲಿ ಮುಖ್ಯ ಸರ್ವರ್, ಊರೊಳಗಿನ ಕಚೇರಿಯಲ್ಲಿ ಮೀಸಲು ಸರ್ವರ್ ಇರುವ ಒಂದು ಬಿಡಿಭಾಗ ತಯಾರಿಕಾ ಘಟಕವನ್ನು ಊಹಿಸಿಕೊಳ್ಳಬಹುದು. ಆವೃತ್ತಿ ಬದಲಾದ ಮೇಲೆ ಮೀಸಲು ಸರ್ವರ್‌ಗೆ ತಾನು ಮೀಸಲು ಎಂಬ ಸೂಚನೆಯೇ ಸಿಗದಿದ್ದರೆ ಅದು ಸ್ವತಂತ್ರ ಮುಖ್ಯ ಸರ್ವರ್ ಆಗಿ ಎದ್ದು ನಿಲ್ಲುತ್ತದೆ. ದೀಪ ಉರಿಯುತ್ತಿರುತ್ತದೆ, ದೋಷದ ಸಂದೇಶವೂ ಬಂದಿರುವುದಿಲ್ಲ. ಆದರೆ ಕಾರ್ಖಾನೆಯ ನಮೂದುಗಳು ಅದಕ್ಕೆ ತಲಪುವುದು ಅಂದೇ ನಿಂತಿರುತ್ತದೆ. ಕಚೇರಿಯವರು ಅದರಲ್ಲಿಯೇ ಬಿಲ್ಲು ಬರೆಯತೊಡಗಿದರೆ ಒಂದೇ ಸಂಸ್ಥೆಗೆ ಎರಡು ಕಿರ್ದಿಗಳಾಗಿ, ಒಂದೇ ಸಂಖ್ಯೆಯ ಇನ್‌ವಾಯ್ಸ್‌ಗಳು ಎರಡು ಕಡೆ ಹುಟ್ಟುತ್ತವೆ. ಜಿಎಸ್‌ಟಿ ವಿವರಪಟ್ಟಿ ಸಿದ್ಧಪಡಿಸುವ ದಿನ ಇವನ್ನು ತಾಳೆ ಹಾಕುವುದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು ವಿವರಿಸಬೇಕಾಗಿಲ್ಲ.

ಮೂರನೆಯದು, ಹಳೆಯ ಕಡತ ಕಂಡರೆ ಸರ್ವರ್ ಪ್ರಾರಂಭವಾಗಲು ನಿರಾಕರಿಸುವುದು. 3 ಅಕ್ಟೋಬರ್ 2019ರಂದು ಬಿಡುಗಡೆಯಾದ 12ನೆಯ ಆವೃತ್ತಿಯಲ್ಲಿ ಈ ಮಾರ್ಗವನ್ನೇ ಆಯ್ದುಕೊಳ್ಳಲಾಯಿತು. ಹಳೆಯ ಕಡತವನ್ನು ತೆಗೆಯದ ಹೊರತು ಸರ್ವರ್ ಏಳುವುದಿಲ್ಲ. ಕಾರಣವನ್ನು ಸ್ಪಷ್ಟವಾಗಿ ತಿಳಿಸಿ ನಿಲ್ಲುತ್ತದೆ. ಬಳಕೆದಾರರಿಗೆ ಆ ದಿನ ಅನನುಕೂಲವಾಗುವುದು ನಿಜ. ಆದರೆ ಕಣ್ಣೆದುರಿಗೆ ನಿಂತ ದೋಷವನ್ನು ಆ ದಿನವೇ ಸರಿಪಡಿಸಬಹುದು. ಮೌನವಾಗಿ ಬೆಳೆಯುವ ದೋಷ ಬೆಳಕಿಗೆ ಬರುವುದು ಬ್ಯಾಕಪ್ ಬೇಕಾದ ದಿನವೇ.

ಹೊಸ ವಿನ್ಯಾಸದ ಸ್ವರೂಪ

ಹೊಸ ವಿನ್ಯಾಸದಲ್ಲಿ ಎಲ್ಲ ಸೆಟ್ಟಿಂಗ್‌ಗಳೂ ಮುಖ್ಯ ಕಡತಕ್ಕೆ ಸೇರಿದವು. ಸರ್ವರ್‌ನ ಸ್ಥಿತಿಯನ್ನು ಸೂಚಿಸಲು ಎರಡು ಬರಿದಾದ ಗುರುತು ಕಡತಗಳನ್ನು ಇಡಲಾಯಿತು. ‘ಸ್ಟ್ಯಾಂಡ್‌ಬೈ.ಸಿಗ್ನಲ್’ ಇದ್ದರೆ ಸರ್ವರ್ ಮೀಸಲು ಸ್ಥಿತಿಯಲ್ಲಿ ಏಳುತ್ತದೆ. ‘ರಿಕವರಿ.ಸಿಗ್ನಲ್’ ಇದ್ದರೆ ನಿರ್ದಿಷ್ಟ ಕ್ಷಣದವರೆಗಿನ ಮರುಸ್ಥಾಪನೆಗೆ ತೊಡಗುತ್ತದೆ. ಎರಡೂ ಇದ್ದರೆ ಮೀಸಲು ಸ್ಥಿತಿಗೆ ಪ್ರಾಶಸ್ತ್ಯ. ಕೆಲಸ ಮುಗಿದಾಗ ಗುರುತು ಮಾತ್ರ ಅಳಿಯುತ್ತದೆ, ಸೆಟ್ಟಿಂಗ್‌ಗಳು ಹಾಗೆಯೇ ಉಳಿಯುತ್ತವೆ.

ಈ ಅಡಿಪಾಯದ ಮೇಲೆ ಮುಂದಿನ ಸುಧಾರಣೆಗಳು ಸಾಧ್ಯವಾದವು. 2020ರ 13ನೆಯ ಆವೃತ್ತಿಯಿಂದ ಮುಖ್ಯ ಸರ್ವರ್‌ನ ವಿಳಾಸವನ್ನು ಮೀಸಲು ಸರ್ವರ್ ನಿಲ್ಲಿಸದೆಯೇ ಬದಲಿಸಬಹುದು. ಅದೇ ಆವೃತ್ತಿಯಲ್ಲಿ ಇನ್ನೊಂದು ತಿದ್ದುಪಡಿಯಾಯಿತು. ಕೇಳಿದ ಕ್ಷಣವನ್ನು ತಲಪುವ ಮೊದಲೇ ದಿನಚರಿ ಮುಗಿದುಹೋದರೆ, ಹಿಂದೆ ಸರ್ವರ್ ಸಿಕ್ಕಷ್ಟಕ್ಕೇ ಕೆಲಸ ಮುಗಿಸಿ ಸಾಮಾನ್ಯ ಬಳಕೆಗೆ ತೆರೆದುಕೊಳ್ಳುತ್ತಿತ್ತು. ಈಗ ದೋಷವೆಂದು ತಿಳಿಸಿ ನಿಲ್ಲುತ್ತದೆ. ಮಾರ್ಚ್ 31ರವರೆಗಿನ ಲೆಕ್ಕ ಕೇಳಿದಾಗ ಮಾರ್ಚ್ 28ರವರೆಗಿನದನ್ನು ಸದ್ದಿಲ್ಲದೆ ಕೊಡುವ ಗುಮಾಸ್ತರಿಗಿಂತ, ಮೂರು ದಿನದ ಕಿರ್ದಿ ಸಿಗುತ್ತಿಲ್ಲವೆಂದು ಹೇಳುವ ಗುಮಾಸ್ತರೇ ಮೇಲು.

ಹೊಸ ವಿನ್ಯಾಸಕ್ಕೂ ಅದರದೇ ಆದ ಎಚ್ಚರಿಕೆಯಿದೆ. ಸೆಟ್ಟಿಂಗ್‌ಗಳು ಅಳಿಯದೆ ಉಳಿಯುವುದರಿಂದ ಒಮ್ಮೆ ಕೊಟ್ಟ ‘ಇಷ್ಟು ಗಂಟೆಗೆ ನಿಲ್ಲು’ ಎಂಬ ಸೂಚನೆಯೂ ಉಳಿದಿರುತ್ತದೆ. ಮುಂದಿನ ಮರುಸ್ಥಾಪನೆಗೆ ಮೊದಲು ಅದನ್ನು ತೆಗೆಯುವುದನ್ನು ಮರೆಯಬಾರದು.

ಮೌನ ದೋಷದ ಬೆಲೆ: 2017ರ ಒಂದು ಘಟನೆ

ಮೌನವಾಗಿ ಉಳಿಯುವ ದೋಷ ಎಷ್ಟು ದುಬಾರಿ ಎಂಬುದಕ್ಕೆ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 31 ಜನವರಿ 2017ರಂದು ನಡೆದ ಘಟನೆ ನಿದರ್ಶನ. ಅದರ ವಿವರಗಳನ್ನು ಆ ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿದೆ. ಹಿಂದುಳಿದಿದ್ದ ಮೀಸಲು ಸರ್ವರ್‌ನ ದತ್ತಾಂಶವನ್ನು ತೆರವುಗೊಳಿಸಲು ಹೋದ ತಂತ್ರಜ್ಞರೊಬ್ಬರು ಪ್ರಮಾದವಶಾತ್ ಮುಖ್ಯ ಸರ್ವರ್‌ನ ದತ್ತಾಂಶವನ್ನೇ ಅಳಿಸಿದರು. ತಪ್ಪು ಅರಿವಿಗೆ ಬಂದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ದತ್ತಾಂಶದಲ್ಲಿ 4.5 ಜಿಬಿಯಷ್ಟು ಮಾತ್ರ ಉಳಿದಿತ್ತು.

ಬ್ಯಾಕಪ್‌ಗಳನ್ನು ಹುಡುಕಿದಾಗ ನಿಜಸ್ಥಿತಿ ಹೊರಬಿತ್ತು. ದೈನಂದಿನ ಬ್ಯಾಕಪ್ ಇರಬೇಕಾದ ಸ್ಥಳ ಬರಿದಾಗಿತ್ತು. ಸರ್ವರ್ 9.6ನೆಯ ಆವೃತ್ತಿಯದಾಗಿದ್ದು, ಬ್ಯಾಕಪ್ ತೆಗೆಯುವ ಸಾಧನ 9.2ನೆಯ ಆವೃತ್ತಿಯದಾಗಿದ್ದರಿಂದ ಬ್ಯಾಕಪ್ ವಿಫಲವಾಗುತ್ತಿತ್ತು. ವೈಫಲ್ಯವನ್ನು ತಿಳಿಸುವ ಇ-ಮೇಲ್‌ಗಳು ಸೂಕ್ತ ದೃಢೀಕರಣವಿಲ್ಲದೆ ತಿರಸ್ಕೃತವಾಗುತ್ತಿದ್ದುದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ಬೇರೊಂದು ಉದ್ದೇಶಕ್ಕಾಗಿ ಸುಮಾರು ಆರು ಗಂಟೆ ಮೊದಲು ಕೈಯಿಂದ ತೆಗೆದಿಟ್ಟ ಒಂದು ಪ್ರತಿ ಇದ್ದುದರಿಂದ ಸಂಸ್ಥೆ ಉಳಿದುಕೊಂಡಿತು. ಆದರೂ ಸುಮಾರು 5,000 ಯೋಜನೆಗಳು, 5,000 ಟಿಪ್ಪಣಿಗಳು ಹಾಗೂ 700 ಬಳಕೆದಾರರ ಖಾತೆಗಳು ನಷ್ಟಕ್ಕೀಡಾದವು. ತಂತ್ರಜ್ಞರ ಪಡೆಯನ್ನೇ ಹೊಂದಿದ್ದ ಸಂಸ್ಥೆಯಲ್ಲಿ ನಡೆದದ್ದು, ತಿಂಗಳಿಗೊಮ್ಮೆ ಬಂದುಹೋಗುವ ತಂತ್ರಜ್ಞರನ್ನು ನಂಬಿದ ಸಣ್ಣ ಘಟಕದಲ್ಲಿ ನಡೆಯಲಾರದೆಂದು ಹೇಳುವಂತಿಲ್ಲ.

ದಾಖಲೆಯ ಆಯುಷ್ಯ, ತಂತ್ರಾಂಶದ ಆಯುಷ್ಯ

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪ್ರತಿಯೊಂದು ಪ್ರಮುಖ ಆವೃತ್ತಿಗೂ ಐದು ವರ್ಷಗಳ ಬೆಂಬಲವಿರುತ್ತದೆ. ಹಳೆಯ ಕಡತವನ್ನು ಬಳಸುತ್ತಿದ್ದ ಕೊನೆಯ ಆವೃತ್ತಿಯಾದ 11ರ ಬೆಂಬಲ ನವೆಂಬರ್ 2023ಕ್ಕೆ ಮುಗಿದಿದೆ. ಹೊಸ ವಿನ್ಯಾಸವನ್ನು ತಂದ 12ನೆಯ ಆವೃತ್ತಿಯ ಬೆಂಬಲವೂ ನವೆಂಬರ್ 2024ರಲ್ಲಿ ಅಂತ್ಯಗೊಂಡಿತು. ಕಂಪನಿಯು ಲೆಕ್ಕಪುಸ್ತಕ ಕಾಪಾಡಬೇಕಾದ ಅವಧಿ 8 ವರ್ಷ. ತಂತ್ರಾಂಶದ ಬೆಂಬಲ 5 ವರ್ಷ. ಆದ್ದರಿಂದ ಯಾವುದೇ ಸಂಸ್ಥೆಯ ದಾಖಲೆಯು ಅದನ್ನು ಬರೆದ ಆವೃತ್ತಿಗಿಂತ ಹೆಚ್ಚು ಕಾಲ ಬಾಳಲೇಬೇಕು. ದತ್ತಾಂಶದ ಕಡತಗಳನ್ನು ಹಾಗೆಯೇ ನಕಲು ಮಾಡಿದ ಬ್ಯಾಕಪ್ಪನ್ನು ಬೇರೆ ಪ್ರಮುಖ ಆವೃತ್ತಿಯಲ್ಲಿ ತೆರೆಯಲು ಬರುವುದಿಲ್ಲವೆಂಬುದನ್ನೂ ಇಲ್ಲಿ ನೆನಪಿಡಬೇಕು. ‘ಡಂಪ್’ ಎಂದು ಕರೆಯಲಾಗುವ, ವಿವರಗಳನ್ನು ಹೊರತೆಗೆದು ಬರೆದಿಟ್ಟ ಪ್ರತಿಯನ್ನು ಸಾಮಾನ್ಯವಾಗಿ ಮುಂದಿನ ಆವೃತ್ತಿಗಳಿಗೂ ತುಂಬಬಹುದು.

ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

1. ಸಂಸ್ಥೆಯ ಲೆಕ್ಕದ ತಂತ್ರಾಂಶ ಯಾವ ಡೇಟಾಬೇಸ್‌ನ ಯಾವ ಆವೃತ್ತಿಯನ್ನು ಬಳಸುತ್ತಿದೆ ಎಂಬುದನ್ನು ಸರಬರಾಜುದಾರರಿಂದ ಲಿಖಿತವಾಗಿ ಪಡೆದಿಡಬೇಕು. ಅದು ಬೆಂಬಲದ ಅವಧಿಯೊಳಗಿದೆಯೇ ಎಂದು ವರ್ಷಕ್ಕೊಮ್ಮೆ ಪರಿಶೀಲಿಸಬೇಕು.

2. ಆವೃತ್ತಿ ಬದಲಾವಣೆಯನ್ನು ಮಾರ್ಚ್ ಕೊನೆಯಲ್ಲಾಗಲೀ ವಿವರಪಟ್ಟಿ ಸಲ್ಲಿಸುವ ದಿನಗಳಲ್ಲಾಗಲೀ ಇಟ್ಟುಕೊಳ್ಳಬಾರದು. ಮೊದಲು ಪ್ರತ್ಯೇಕ ಗಣಕದಲ್ಲಿ ಪ್ರಯೋಗ ಮಾಡಿ ನೋಡಬೇಕು. ಹೊಸ ಆವೃತ್ತಿ ಏನನ್ನು ಕೈಬಿಟ್ಟಿದೆ ಎಂಬ ಪ್ರಕಟಣೆಯನ್ನು ತಂತ್ರಜ್ಞರು ಓದಿರುವುದನ್ನು ಖಚಿತಪಡಿಸಿಕೊಳ್ಳಬೇಕು.

3. ಆವೃತ್ತಿ ಬದಲಾದ ದಿನವೇ ಬ್ಯಾಕಪ್ ಸಾಧನದ ಆವೃತ್ತಿಯೂ ಹೊಂದಿಕೆಯಾಗುತ್ತದೆಯೇ ಎಂದು ನೋಡಬೇಕು. ಮೀಸಲು ಸರ್ವರ್ ಇದ್ದರೆ, ಮುಖ್ಯ ಸರ್ವರ್‌ನಲ್ಲಿ ಬರೆದ ಒಂದು ನಮೂದು ಅಲ್ಲಿಗೂ ತಲಪಿದೆಯೇ ಎಂದು ಕಣ್ಣಾರೆ ಕಂಡುಕೊಳ್ಳಬೇಕು.

4. ತದ್ರೂಪು ಪ್ರತಿಯ ಜೊತೆಗೆ ದಿನನಿತ್ಯದ ಬ್ಯಾಕಪ್ ಪ್ರತ್ಯೇಕವಾಗಿರಬೇಕು. ವರ್ಷಾಂತ್ಯದಲ್ಲಿ ಮುಂದಿನ ಆವೃತ್ತಿಗಳಲ್ಲಿಯೂ ತೆರೆಯಬಹುದಾದ ಡಂಪ್ ಪ್ರತಿಯೊಂದನ್ನು ತೆಗೆದು ಬೇರೆ ಸ್ಥಳದಲ್ಲಿಡಬೇಕು.

5. ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಗಣಕದಲ್ಲಿ ಮರುಸ್ಥಾಪಿಸಿ, ಆ ದಿನದ ತಾಳೆಪಟ್ಟಿಯನ್ನು ಮೂಲದೊಂದಿಗೆ ಹೋಲಿಸಬೇಕು. ತೆಗೆದುಕೊಂಡ ಸಮಯ, ಮಾಡಿದವರ ಹೆಸರು, ಫಲಿತಾಂಶ ಇವನ್ನು ಒಂದು ವಹಿಯಲ್ಲಿ ಬರೆದು ಸಹಿ ಮಾಡಿಡಬೇಕು. ಲೆಕ್ಕಪರಿಶೋಧಕರಿಗೂ ಅಧಿಕಾರಿಗಳಿಗೂ ತೋರಿಸಲು ಇದಕ್ಕಿಂತ ಉತ್ತಮ ದಾಖಲೆ ಬೇರಿಲ್ಲ.

6. ಬ್ಯಾಕಪ್ ವಿಫಲವಾದಾಗ ಸಂದೇಶ ಬರುವ ವ್ಯವಸ್ಥೆಯನ್ನಷ್ಟೇ ನಂಬದೆ, ಸಫಲವಾದಾಗಲೂ ಸಂದೇಶ ಬರುವಂತೆ ಏರ್ಪಡಿಸಬೇಕು. ಸಂದೇಶ ಬಾರದಿರುವುದೇ ಆಗ ಎಚ್ಚರಿಕೆಯಾಗುತ್ತದೆ.

ಹಳೆಯ ಪದ್ಧತಿಯನ್ನು ಬಿಡುವುದು ಯಾರಿಗೂ ಸುಲಭವಲ್ಲ. ಮಾರಾಟ ತೆರಿಗೆಯಿಂದ 2005ರಲ್ಲಿ ವ್ಯಾಟ್‌ಗೂ, 2017ರಲ್ಲಿ ಜಿಎಸ್‌ಟಿಗೂ ಬದಲಾದಾಗ ಕರ್ನಾಟಕದ ವರ್ತಕರು ಆ ಕಷ್ಟವನ್ನು ಅನುಭವಿಸಿದ್ದಾರೆ. ಹಳೆಯದರೊಂದಿಗೆ ಹೊಂದಾಣಿಕೆಯನ್ನು ಉಳಿಸಿಕೊಳ್ಳುವುದರಲ್ಲಿ ಲಾಭವಿದೆ ಎಂಬುದು ದಿಟ. ಆದರೆ ಆ ಹೊಂದಾಣಿಕೆಯು ದೋಷವನ್ನು ಮರೆಮಾಚುವ ಮಟ್ಟಕ್ಕೆ ಹೋದಾಗ ಅದನ್ನು ಕೈಬಿಡುವುದೇ ವಿವೇಕ. ಈ ತಿಂಗಳು ಒಂದು ದಿನವನ್ನು ಗೊತ್ತುಮಾಡಿ, ತಮ್ಮ ಸಂಸ್ಥೆಯ ಬ್ಯಾಕಪ್‌ನಿಂದ ಲೆಕ್ಕವನ್ನು ಒಮ್ಮೆ ಮರಳಿ ಪಡೆದು ನೋಡುವ ಉದ್ದಿಮೆದಾರರಿಗೆ, ಎರಡನೆಯ ಪ್ರಶ್ನೆಗೂ ಖಚಿತವಾದ ಉತ್ತರ ದೊರೆಯುತ್ತದೆ.